ರೀಡ್-ಓನ್ಲಿ ಫೈಲು: ಅಳಿಸೋಕೆ ಯಾರ ಅಪ್ಪಣೆ ಬೇಕು?

"ಮ್ಯಾಕ್‌ನಲ್ಲಿ ಸರಿಯಾಗಿ ಓಡೋ ಸ್ಕ್ರಿಪ್ಟು ವಿಂಡೋಸ್‌ನಲ್ಲಿ ಯಾಕೆ ಕೈಕೊಡುತ್ತೆ?" ಹೊಸದಾಗಿ ಕೆಲಸಕ್ಕೆ ಸೇರಿದವರು ನನ್ನ ಹತ್ತಿರ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ವಿಚಾರಿಸಿ ನೋಡಿದರೆ ಎಷ್ಟೋ ಸಲ ಆ ಸ್ಕ್ರಿಪ್ಟ್ ಮಾಡುತ್ತಿರುವುದು ಹಳೇ ಪ್ರಾಜೆಕ್ಟ್ ಫೋಲ್ಡರ್ ಅಳಿಸುವ ಕೆಲಸ, ಅಷ್ಟೇ. ಪೈಥಾನ್‌ನಲ್ಲಿ ಅದಕ್ಕೆ 'ಆರ್‌ಎಂಟ್ರೀ' ಅಂತ ಒಂದೇ ಸಾಲು ಸಾಕು. ಆದರೆ ಆ ಫೋಲ್ಡರಿನೊಳಗೆ ಗಿಟ್ ಇದ್ದರೆ ವಿಂಡೋಸ್‌ನಲ್ಲಿ 'ಪರ್ಮಿಷನ್ ಎರರ್' ಬಂದು ಕೆಲಸ ಅರ್ಧಕ್ಕೇ ನಿಲ್ಲುತ್ತೆ. ಅರ್ಧ ಅಳಿದ ಫೋಲ್ಡರ್ ಇನ್ನೂ ದೊಡ್ಡ ತಲೆನೋವು. ಮುಂದಿನ ಬಿಲ್ಡ್ ಅದನ್ನೇ ನಿಜವಾದ ಫೋಲ್ಡರ್ ಅಂತ ನಂಬಿಬಿಡಬಹುದು.

ಕಾರಣ ಸರಳ. ಗಿಟ್ ತನ್ನ ಆಬ್ಜೆಕ್ಟ್ ಫೈಲುಗಳನ್ನು ರೀಡ್-ಓನ್ಲಿ ಮಾಡಿ ಇಡುತ್ತೆ. ಫೈಲಿನ ಮೇಲೆ ಆ ಗುರುತು ಇದ್ದರೆ ವಿಂಡೋಸ್ ಸಾಮಾನ್ಯವಾಗಿ ಅಳಿಸಲು ಬಿಡುವುದಿಲ್ಲ. ಲಿನಕ್ಸ್, ಮ್ಯಾಕ್‌ಗಳ ಲೆಕ್ಕವೇ ಬೇರೆ. ಅಲ್ಲಿ ಫೋಲ್ಡರ್ ಅಂದ್ರೆ ಶಾಲೆಯ ಹಾಜರಿ ಪುಸ್ತಕ ಇದ್ದ ಹಾಗೆ. ಫೈಲ್ ಅಳಿಸೋದು ಅಂದ್ರೆ ಪುಸ್ತಕದಿಂದ ಒಂದು ಹೆಸರು ಹೊಡೆದುಹಾಕೋದು. ಅದಕ್ಕೆ ಪುಸ್ತಕದಲ್ಲಿ ಬರೆಯುವ ಅಧಿಕಾರ ಬೇಕು, ಆ ಹುಡುಗನ ಅಪ್ಪಣೆ ಬೇಕಿಲ್ಲ. ಹಾಗಾಗಿ ಫೈಲು ರೀಡ್-ಓನ್ಲಿ ಆಗಿದ್ದರೂ ಅಳಿದುಹೋಗುತ್ತೆ.

ಇದರ ತಿರುಗುಮುರುಗೂ ಉಂಟು. ಗೋ ಭಾಷೆ ಡೌನ್‌ಲೋಡ್ ಮಾಡಿದ ಮಾಡ್ಯೂಲುಗಳ ಫೋಲ್ಡರುಗಳನ್ನೇ ರೀಡ್-ಓನ್ಲಿ ಮಾಡುತ್ತೆ. ಆಗ ಲಿನಕ್ಸ್‌ನಲ್ಲೂ 'ಆರ್‌ಎಂ ಮೈನಸ್ ಆರ್‌ಎಫ್' ಸೋಲುತ್ತೆ. 'ಎಫ್' ಹಾಕಿದರೆ ಅದು ಪ್ರಶ್ನೆ ಕೇಳೋದನ್ನು ಬಿಡುತ್ತೆ, ಇಲ್ಲದ ಅಧಿಕಾರವನ್ನೇನೂ ತಂದುಕೊಡಲ್ಲ.

ಹಾಗಾದ್ರೆ ಎಲ್ಲ ಕಡೆ ಒಂದೇ ರೀತಿ ನಡೆಯೋ ದಾರಿ ಯಾವುದು? ನಾನು ಹೇಳಿಕೊಡೋದು ಇಷ್ಟು. ಮೊದಲು ಸುಮ್ಮನೆ ಅಳಿಸಿ ನೋಡಿ. ಸೋತರೆ ಆ ಫೈಲಿಗೂ ಅದು ಕೂತಿರುವ ಫೋಲ್ಡರಿಗೂ ಬರೆಯುವ ಅನುಮತಿ ಕೊಟ್ಟು ಇನ್ನೊಂದೇ ಒಂದು ಸಲ ಪ್ರಯತ್ನಿಸಿ. ಪೈಥಾನ್‌ನ ಆರ್‌ಎಂಟ್ರೀಗೆ ಈ ಕೆಲಸ ಮಾಡೋ ಫಂಕ್ಷನ್ ಒಂದನ್ನು ಕೊಡಬಹುದು. 3.12ರಿಂದ ಅದನ್ನು 'ಆನ್‌ಎಕ್ಸ್‌ಸಿ' ಅನ್ನೋ ಹೆಸರಲ್ಲಿ ಕೊಡಬೇಕು, ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ 'ಆನ್‌ಎರರ್'. ಆಗಲೂ ಆಗದಿದ್ದರೆ ಯಾವ ಫೈಲು ಅಂತ ಹೆಸರು ಹೇಳಿ ನಿಲ್ಲಲಿ. ಯಾಕಂದ್ರೆ ವಿಂಡೋಸ್‌ನಲ್ಲಿ ಇನ್ನೊಂದು ಪ್ರೋಗ್ರಾಂ ಆ ಫೈಲನ್ನು ತೆರೆದಿಟ್ಟುಕೊಂಡಿದ್ದರೂ ಅಳಿಸಲು ಆಗದೇ ಇರಬಹುದು. ಆ ಕಾಯಿಲೆಗೆ ಈ ಮದ್ದು ನಾಟಲ್ಲ.

ಒಂದು ಗಡಿ ಮಾತ್ರ ದಾಟಬೇಡಿ. ಅಳಿಸಲು ಹೇಳಿದ ಫೋಲ್ಡರಿನ ಒಳಗಡೆ ಮಾತ್ರ ಅನುಮತಿ ಬದಲಿಸಿ, ಅದರ ಹೊರಗಿನದನ್ನು ಮುಟ್ಟಬೇಡಿ. ಬೇಸರ ಬಂದು 'ಸುಡೋ' ಹಾಕಿ ಓಡಿಸೋರೂ ಇದ್ದಾರೆ. ರೂಟ್‌ಗೆ ಈ ಮಾಮೂಲಿ ಬೀಗಗಳು ಲೆಕ್ಕಕ್ಕಿಲ್ಲ. ಪಾತ್‌ನಲ್ಲಿ ಒಂದು ಅಕ್ಷರ ತಪ್ಪಿದರೂ ತಡೆಯೋರು ಯಾರೂ ಇರಲ್ಲ, ಟರ್ಮಿನಲ್‌ನಲ್ಲಿ ಹೀಗೆ ಅಳಿಸಿದ್ದು ಟ್ರ್ಯಾಶ್‌ಗೂ ಹೋಗಲ್ಲ.

ಕೋಡ್ ಬರೆಯದವರಿಗೂ ಇದರಲ್ಲಿ ಒಂದು ಮಾತಿದೆ. ಮನೆಯ ಮದುವೆ ಫೋಟೋಗಳನ್ನು ರೀಡ್-ಓನ್ಲಿ ಮಾಡಿಟ್ಟು ನೆಮ್ಮದಿಯಾಗಿರೋರನ್ನು ನಾನು ನೋಡಿದ್ದೇನೆ. ಆ ಗುರುತು ಇರೋದು ಒಳಗಿನದನ್ನು ಯಾರೂ ತಿದ್ದದಿರಲಿ ಅಂತ. ಲಿನಕ್ಸ್, ಮ್ಯಾಕ್‌ಗಳಲ್ಲಿ ಅದು ಫೋಟೋ ಅಳಿದುಹೋಗೋದನ್ನು ತಡೆಯೋದಿಲ್ಲ. ಮ್ಯಾಕ್‌ನ 'ಲಾಕ್ಡ್' ಆಯ್ಕೆ ಇದಕ್ಕಿಂತ ಗಟ್ಟಿ, ಆದರೆ ಡಿಸ್ಕೇ ಕೆಟ್ಟರೆ ಅದೂ ಕಾಯಲ್ಲ. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಆ ಫೋಟೋಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿಡಿ.