ಉದ್ದ ಕೂದಲಿನ ಸಾಧು ಬೆಕ್ಕು

ಈ ಸಲದ ಟಪಾಲಿನಲ್ಲಿ ನಿಡಘಟ್ಟದ ಸೋದರಿಯೊಬ್ಬರ ಪತ್ರವಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಪರ್ಷಿಯನ್ ಬೆಕ್ಕು ಸಾಕಿದ್ದನಂತೆ. ಬಾಡಿಗೆ ಮನೆಯವರು ಕೂಡದು ಎಂದಾಗ ಅಮ್ಮನ ಹತ್ತಿರ ತಂದುಬಿಟ್ಟು ಹೋಗಿದ್ದಾನೆ. ಬೆಕ್ಕೇನೋ ಬಲು ಸಾಧು. ಕೂಗಾಡುವುದಿಲ್ಲ, ಪಾತ್ರೆಗೆ ಬಾಯಿ ಹಾಕುವುದಿಲ್ಲ, ಕಿಟಕಿಯ ಬಳಿ ಬೊಂಬೆ ಹಾಗೆ ಕೂತಿರುತ್ತದೆ. ಆದರೆ ಮನೆ ತುಂಬ ಕೂದಲು ಅಂತ ಅತ್ತೆಯವರ ಗೊಣಗಾಟ. ಮೇಲಾಗಿ ಏಳು ತಿಂಗಳ ಬಸುರಿ ಮಗಳು ಬಾಣಂತನಕ್ಕೆ ಬರುವವಳಿದ್ದಾಳೆ. ಬಸುರಿ ಇರುವ ಮನೆಯಲ್ಲಿ ಬೆಕ್ಕು ಬೇಡ, ಎಲ್ಲಾದರೂ ಬಿಟ್ಟು ಬನ್ನಿ ಅಂತ ನೆರೆಹೊರೆಯವರ ಸಲಹೆ. ಏನು ಮಾಡಲಿ ಎಂದು ಕೇಳಿದ್ದಾರೆ.

ಬಿಟ್ಟು ಬರುವ ಮಾತನ್ನೇ ಮೊದಲು ನೋಡೋಣ. ನಮ್ಮ ಊರ ಬೆಕ್ಕಾದರೆ ನಾಲ್ಕು ಮನೆ ಸುತ್ತಿ, ಇಲಿ ಹಿಡಿದು ಹೇಗೋ ಬದುಕೀತು. ಇದಕ್ಕೆ ಆ ಶಕ್ತಿ ಇಲ್ಲ. ಇದರ ಉದ್ದ ಕೂದಲು, ಚಪ್ಪಟೆ ಮುಖ ಎರಡೂ ಮನುಷ್ಯರೇ ಆರಿಸಿ ಆರಿಸಿ ಬೆಳೆಸಿದ್ದು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಹ್ಯಾರಿಸನ್ ವೀರ್ ಎಂಬವರು ದೊಡ್ಡ ಬೆಕ್ಕಿನ ಪ್ರದರ್ಶನ ಏರ್ಪಡಿಸಿದಾಗಲೇ ಪರ್ಷಿಯನ್ ಬೆಕ್ಕುಗಳು ಅಲ್ಲಿದ್ದವು. ಆಮೇಲೆ ಅಂದಕ್ಕೆಂದು ಮೂಗನ್ನು ಇನ್ನಷ್ಟು ಮೊಟಕು ಮಾಡುತ್ತಾ ಬಂದರು. ಹೀಗೆ ಮನುಷ್ಯರ ಕೈಯನ್ನೇ ನಂಬಿದ ಪ್ರಾಣಿಯನ್ನು ಬೀದಿಗೆ ಬಿಟ್ಟರೆ ಕೂದಲು ಜಡೆಗಟ್ಟಿ, ಬಿಸಿಲಿಗೆ ಬಸವಳಿದು, ನಾಯಿಗಳ ಬಾಯಿಗೆ ಬೀಳುತ್ತದೆ. ನಿಡಘಟ್ಟದವರಿಗಂತೂ ಮಗ್ಗುಲಲ್ಲೇ ಬೆಂಗಳೂರು-ಮೈಸೂರು ಹೆದ್ದಾರಿ ಬೇರೆ. ಸಾಕಲು ಆಗದೇ ಇದ್ದರೆ ಒಪ್ಪಿಕೊಳ್ಳುವ ಇನ್ನೊಂದು ಮನೆ ಹುಡುಕಿ ಕೊಡಿ, ಬಿಟ್ಟು ಮಾತ್ರ ಬರಬೇಡಿ.

ಇನ್ನು ಬಸುರಿಯ ವಿಚಾರ. ನೆರೆಯವರ ಭಯ ಪೂರ್ತಿ ಸುಳ್ಳಲ್ಲ, ಆದರೆ ಅವರು ಬೊಟ್ಟು ಮಾಡುವ ಜಾಗ ತಪ್ಪು. ಭಯ ಇರುವುದು ಕೂದಲಿನಿಂದಲ್ಲ, ಮಲದಿಂದ. ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಬೆಕ್ಕಿನ ಮಲದಲ್ಲಿ ಇರಬಹುದು. ಬಸುರಿಗೆ ಮೊದಲ ಸಲ ಅದರ ಸೋಂಕು ತಗುಲಿದರೆ ಹೊಟ್ಟೆಯೊಳಗಿನ ಮಗುವಿಗೆ ತೊಂದರೆಯಾಗಬಹುದು. ಆದರೆ ಬೆಕ್ಕಿಗೆ ಇದು ಬರುವುದು ಇಲಿ, ಹಕ್ಕಿ, ಹಸಿ ಮಾಂಸ ತಿಂದಾಗ. ಹೊರಗೆ ಹೋಗದೆ, ಬೇಯಿಸಿದ್ದನ್ನೋ ಪ್ಯಾಕೆಟ್ ಆಹಾರವನ್ನೋ ತಿನ್ನುವ ಬೆಕ್ಕಿನಿಂದ ಅಪಾಯ ಬಹಳ ಕಮ್ಮಿ. ಮಲ ಹೊರಬಿದ್ದ ಕೂಡಲೇ ಅದು ಅಂಟುವುದೂ ಇಲ್ಲ, ಕಡೇ ಪಕ್ಷ ಒಂದು ದಿನವಾದರೂ ಬೇಕು. ಆದ್ದರಿಂದ ಮರಳಿನ ತಟ್ಟೆಯನ್ನು ದಿನಾ ತಪ್ಪದೆ ಶುಚಿ ಮಾಡಿ. ಮಗಳ ಕೈಲಿ ಆ ಕೆಲಸ ಖಂಡಿತ ಮಾಡಿಸಬೇಡಿ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ಕೈತೋಟದ ಮಣ್ಣು ಇವುಗಳಿಂದಲೂ ಇದೇ ಸೋಂಕು ಬರುತ್ತದೆ. ಅಲ್ಲೂ ಅಷ್ಟೇ ಎಚ್ಚರ ಇರಲಿ. ಮನೆಯಲ್ಲಿ ಬೆಕ್ಕಿದೆ ಅಂತ ಹೆರಿಗೆ ಡಾಕ್ಟರಿಗೂ ಒಂದು ಮಾತು ಹೇಳಿಡಿ.

ಮಗು ಬಂದ ಮೇಲೆ ಬಾಣಂತಿ ಕೋಣೆಯ ಬಾಗಿಲು ಮುಚ್ಚಿರಲಿ. ಬೆಚ್ಚಗಿರುತ್ತದೆ ಅಂತ ಬೆಕ್ಕು ತೊಟ್ಟಿಲು ಹತ್ತುವುದುಂಟು. ಎಷ್ಟೇ ಸಾಧುವಾದರೂ ಕೂಸಿನ ಪಕ್ಕ ಮಲಗಲು ಬಿಡಬಾರದು. ಮನೆಯಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ಮೊದಲೇ ಡಾಕ್ಟರನ್ನು ಕೇಳಿ. ಆಗದವರಿಗೆ ಆಗದಿರುವುದು ಬೆಕ್ಕಿನ ಜೊಲ್ಲು, ಚರ್ಮದ ಹೊಟ್ಟು. ಕೂದಲು ಅದನ್ನು ಹೊತ್ತು ತರುತ್ತದೆ ಅಷ್ಟೆ.

ಅತ್ತೆಯವರ ಗೊಣಗಾಟಕ್ಕೆ ಮದ್ದು ಬಾಚಣಿಗೆ. ಅಗಲ ಹಲ್ಲಿನ ಸ್ಟೀಲಿನ ಬಾಚಣಿಗೆ ಒಂದನ್ನು ಬೆಕ್ಕಿಗೆಂದೇ ಇಡಿ. ದಿನಾ ಹತ್ತು ನಿಮಿಷ ಬಾಚಿದರೆ ಉದುರುವ ಕೂದಲು ನಿಮ್ಮ ಕೈಗೇ ಬರುತ್ತದೆ, ಸಾರಿನ ಪಾತ್ರೆಗೆ ಬೀಳುವುದಿಲ್ಲ. ಬೆಕ್ಕು ನೆಕ್ಕಿ ನುಂಗುವ ಕೂದಲೂ ಕಮ್ಮಿಯಾಗಿ ಹೊಟ್ಟೆಯಲ್ಲಿ ಉಂಡೆಗಟ್ಟುವುದು ತಪ್ಪುತ್ತದೆ. ಕಂಕುಳು, ಕಿವಿಯ ಹಿಂದೆ, ಹೊಟ್ಟೆಯ ಕೆಳಗೆ ಗಂಟು ಬೇಗ ಕಟ್ಟುತ್ತದೆ. ಗಂಟಿನ ಮೇಲೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಬುಡ ಹಿಡಿದುಕೊಂಡು ತುದಿಯಿಂದ ಬೆರಳಲ್ಲಿ ಬಿಡಿಸಿ. ಕತ್ತರಿ ಹಾಕಬೇಡಿ, ಬೆಕ್ಕಿನ ಚರ್ಮ ತೆಳು, ಗಂಟಿನ ಜೊತೆ ಚರ್ಮವೂ ಸಿಕ್ಕಿಬಿಡುತ್ತದೆ. ಗಂಟಿರುವಾಗ ಸ್ನಾನ ಮಾಡಿಸಿದರೆ ಅದು ಇನ್ನೂ ಬಿಗಿಯುತ್ತದೆ. ಬಾಚುವಾಗ ದುಂಡಗೆ ಕೂದಲು ಉದುರಿದ ಜಾಗ ಕಂಡರೆ ಅದು ಹುಳುಕಡ್ಡಿ ಇರಬಹುದು. ಮನುಷ್ಯರಿಗೂ ಅಂಟುತ್ತದೆ, ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಚಪ್ಪಟೆ ಮುಖದಿಂದಾಗಿ ಕಣ್ಣೀರು ಸುರಿಯುತ್ತಲೇ ಇರುತ್ತದೆ. ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಕಣ್ಣಿಗೆ ಒಂದೊಂದು ಹತ್ತಿಯಂತೆ ದಿನಾ ಒರೆಸಿ.

ಊಟದಲ್ಲಿ ನಮ್ಮ ರೂಢಿ ನಡೆಯುವುದಿಲ್ಲ. ಹಾಲು-ಅನ್ನ ಹಾಕಿದರೆ ಸಾಕು ಅಂತ ನಾವು ತಿಳಿದಿದ್ದೇವೆ. ಬೆಕ್ಕು ಮಾಂಸಾಹಾರಿ. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಸಾಲದೆ ಹೋದರೆ ಅದರ ಕಣ್ಣು ಕೆಡುತ್ತದೆ, ಗುಂಡಿಗೆ ಸೊರಗುತ್ತದೆ. ಗುಂಡಿಗೆಯ ವಿಷಯ ವಿಜ್ಞಾನಿಗಳಿಗೆ ಗೊತ್ತಾದದ್ದೇ 1987ರಲ್ಲಿ. ಮಾಂಸ ಮಾಡದ ಮನೆಯವರು ಬೆಕ್ಕಿನ ಪ್ಯಾಕೆಟ್ ಆಹಾರ ಕೊಡಬಹುದು. ಮಾಡುವವರು ಉಪ್ಪು-ಖಾರ, ಈರುಳ್ಳಿ, ಬೆಳ್ಳುಳ್ಳಿ ಸೋಕದ ಬೇಯಿಸಿದ ಕೋಳಿಯನ್ನು, ಮೂಳೆ ತೆಗೆದು, ಅದರ ಜೊತೆಗೆ ಸ್ವಲ್ಪ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ವಿಷ. ಹಾಲು ಎಷ್ಟೋ ದೊಡ್ಡ ಬೆಕ್ಕುಗಳಿಗೆ ಅರಗದೆ ಭೇದಿಯಾಗುತ್ತದೆ. ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಒಂದು ಮಾತ್ರೆ ಸಾಕು ಜೀವ ತೆಗೆಯಲು. ಬಾಣಂತಿ ಮನೆ ಅಂತ ನೆಲಕ್ಕೆ ಫಿನಾಯಿಲ್ ಹಾಕುತ್ತೇವಲ್ಲ, ಅದನ್ನೂ ಬಿಡಿ. ಬೆಕ್ಕು ಅದನ್ನು ತುಳಿದು ಪಾದ ನೆಕ್ಕುತ್ತದೆ. ಸೋಪಿನ ನೀರು ಸಾಕು.

ಕಡೆಗೆ ಮುಖ್ಯವಾದ ಮಾತು. ಸುಮ್ಮನೆ ಕೂತಿದೆ ಅಂದರೆ ಸುಖವಾಗಿದೆ ಅಂತಲೇ ಅರ್ಥವಲ್ಲ. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ, ಅದರಲ್ಲೂ ಈ ತಳಿ ಮೊದಲೇ ಮೌನಿ. ನಮ್ಮ ಮಂಡ್ಯ ಸೀಮೆಯ ಮಾರ್ಚ್-ಏಪ್ರಿಲ್ ಬಿಸಿಲಲ್ಲಿ, ಶೀಟಿನ ಮನೆಯಲ್ಲಿ, ಚಪ್ಪಟೆ ಮೂಗಿನ ಬೆಕ್ಕಿಗೆ ಉಸಿರೇ ಸಾಲದು. ತಣ್ಣನೆ ನೆಲ, ಫ್ಯಾನು, ಎರಡು ಮೂರು ಕಡೆ ನೀರಿನ ಬಟ್ಟಲು ಇರಲಿ. ಬಾಯಿ ತೆರೆದು ಏದುಸಿರು ಬಿಟ್ಟರೆ ಒದ್ದೆ ಬಟ್ಟೆಯಿಂದ ಮೈ, ಪಾದ ಒರೆಸುತ್ತಾ ವೈದ್ಯರ ಬಳಿಗೆ ಓಡಿ. ಗಂಡು ಬೆಕ್ಕು ತಟ್ಟೆಯಲ್ಲಿ ಮುಕ್ಕುತ್ತಾ ಕೂತು ಮೂತ್ರ ಬಾರದಿದ್ದರೂ ಅಷ್ಟೇ, ಬೆಳಗಾಗಲಿ ಅನ್ನಬೇಡಿ. ಒಂದು ದಿನ ಪೂರ್ತಿ ಊಟ ಬಿಟ್ಟರೂ ತೋರಿಸಿ. ರೇಬಿಸ್ ಚುಚ್ಚುಮದ್ದು, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ ಅಂತ ಮಗನನ್ನು ಇವತ್ತೇ ಕೇಳಿ ತಿಳಿದುಕೊಳ್ಳಿ.

ಮಗನಿಗೆ ಇನ್ನೊಂದು ಮಾತೂ ಹೇಳಿ. ಚೆನ್ನಾಗಿ ನೋಡಿಕೊಂಡರೆ ಈ ಬೆಕ್ಕು ಹನ್ನೆರಡು, ಹದಿನೈದು ವರ್ಷ ಬಾಳುತ್ತದೆ. ಆಹಾರದ ಖರ್ಚು, ಡಾಕ್ಟರ ಖರ್ಚು ತಿಂಗಳು ತಿಂಗಳೂ ಅವನು ಕಳಿಸಲಿ. ಊರಿಗೆ ಬಂದಾಗ ತಟ್ಟೆ ತೊಳೆಯುವುದು, ಬಾಚುವುದು ಅವನ ಪಾಲಿಗೆ ಇರಲಿ. ಬಾಣಂತನದ ನಡುವೆ ಬೆಕ್ಕಿನ ಚಾಕರಿಯೂ ಅಮ್ಮನೊಬ್ಬಳ ತಲೆಗೇ ಬಂದರೆ, ಕಡೆಗೆ ಅದು ಹೊರೆಯಾಗಿ ಕಾಣುವುದು ಬೆಕ್ಕಿನ ತಪ್ಪಂತೂ ಅಲ್ಲ.