ಹಾದಿಯಲ್ಲಿ ಸಿಗುವ ಗುರುಗಳು

ವಿದ್ಯೆಯೆಂದರೆ ಶಾಲೆ, ಶಾಲೆಯೆಂದರೆ ಪುಸ್ತಕ, ಪುಸ್ತಕವೆಂದರೆ ಪರೀಕ್ಷೆ - ಈ ಲೆಕ್ಕ ನಮ್ಮ ಮನಸ್ಸಿನಲ್ಲಿ ಎಷ್ಟು ಬೇರೂರಿದೆಯೆಂದರೆ, ಬೆಳಿಗ್ಗೆ ಮನೆಯಿಂದ ಹೊರಟ ವಿದ್ಯಾರ್ಥಿ ಶಾಲೆಯ ಗೇಟು ದಾಟುವವರೆಗೆ ಕಂಡ ಜನ, ಕೇಳಿದ ಮಾತು ಯಾವುದೂ ಕಲಿಕೆಯ ಖಾತೆಗೆ ಜಮೆಯಾಗುವುದಿಲ್ಲ. ಸೋಮೇಶ್ವರ ಶತಕದ ಒಂದು ಪದ್ಯವನ್ನು ನಾವೆಲ್ಲರೂ ಒಂದಲ್ಲ ಒಂದು ತರಗತಿಯಲ್ಲಿ ಬಾಯಿಪಾಠ ಮಾಡಿದವರೇ. ಶಾಸ್ತ್ರವನ್ನು ಕೇಳುವುದು ಕಲಿಯುವ ಹಲವು ದಾರಿಗಳಲ್ಲಿ ಒಂದು ಮಾತ್ರ, ಕೆಲಸ ಮಾಡುವವರನ್ನು ಕಂಡು ಕಲಿಯುವುದು ಇನ್ನೊಂದು ಎಂಬುದು ಅದರ ತಾತ್ಪರ್ಯ. ತಾತ್ಪರ್ಯ ಬರೆದು ಅಂಕ ಪಡೆದೆವು; ಆ ದಾರಿಯಲ್ಲಿ ನಡೆದವರು ಎಷ್ಟು ಮಂದಿ?

ನಡೆಯದಿರುವುದಷ್ಟೇ ಅಲ್ಲ, ಆ ದಾರಿಗೆ ನಾವೇ ಬೇಲಿ ಹಾಕುತ್ತಿದ್ದೇವೆ. "ಸರಿಯಾಗಿ ಓದದಿದ್ದರೆ ನಾಳೆ ಕೂಲಿಗೆ ಹೋಗಬೇಕಾದೀತು" - ಈ ಎಚ್ಚರಿಕೆ ಕೇಳದ ಮಗು ನಮ್ಮ ಕಾಸರಗೋಡಿನ ಯಾವ ಮೂಲೆಯಲ್ಲೂ ಇರಲಾರದು. ಹೆತ್ತವರು ಮನೆಯಲ್ಲಿ ಹೇಳುತ್ತಾರೆ, ಅಧ್ಯಾಪಕರು ತರಗತಿಯಲ್ಲಿ ಹೇಳುತ್ತಾರೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಅದೇ ಬೆಂಚಿನಲ್ಲಿ ಕೂಲಿ ಮಾಡುವವರ ಮಗುವೂ ಕುಳಿತಿದೆ. ಬೆಳಿಗ್ಗೆ ತನಗೆ ಗಂಜಿ ಬಡಿಸಿ ತೋಟದ ಕೆಲಸಕ್ಕೆ ಹೋದ ತಾಯಿ, ಅಡಿಕೆ ಮರವೇರುವ ತಂದೆ ಇತರರನ್ನು ಹೆದರಿಸುವುದಕ್ಕೆ ಉದಾಹರಣೆಯಾದಾಗ ಆ ಮಗುವಿನ ಮನಸ್ಸು ಏನಾದೀತು? ಪಕ್ಕದಲ್ಲಿ ಕುಳಿತ ತೋಟದ ಯಜಮಾನರ ಮಗು ಕಲಿಯುವುದಾದರೂ ಏನು? ದುಡಿಯುವವನು ಸೋತವನು, ಅವನಿಂದ ತಿಳಿಯುವಂಥದ್ದು ಏನೂ ಇಲ್ಲ ಎಂಬ ಪಾಠವನ್ನಲ್ಲವೇ?

ಹೆತ್ತವರ ಮಾತಿನಲ್ಲಿ ನ್ಯಾಯವಿಲ್ಲವೆಂದು ನಾವು ಹೇಳುವುದಿಲ್ಲ. ಮಳೆಗಾಲದಲ್ಲಿ ಜಾರುವ ಮರವೇರುವ ಕಷ್ಟ, ಬಿದ್ದರೆ ಬರುವ ಆಪತ್ತು, ಬೇಸಗೆಯಲ್ಲಿ ಕೆಲಸವಿಲ್ಲದ ದಿನಗಳ ಚಿಂತೆ ಅನುಭವಿಸಿದವರಿಗೇ ಗೊತ್ತು. ತಮ್ಮ ಕಷ್ಟ ಮಕ್ಕಳಿಗೆ ಬೇಡವೆಂದು ಯಾರು ಬಯಸುವುದಿಲ್ಲ? ಮಕ್ಕಳು ಓದಲಿ, ಮುಂದೆ ಬರಲಿ. ಆದರೆ ಕಷ್ಟವನ್ನು ನಿವಾರಿಸುವುದು ಬೇರೆ, ಕಷ್ಟಪಡುವವರನ್ನು ಕೀಳಾಗಿ ಕಾಣುವುದು ಬೇರೆ. ಮೊದಲನೆಯದಕ್ಕೆ ವಿದ್ಯೆ ಬೇಕು. ಎರಡನೆಯದು ಬಂದರೆ ಕಲಿತ ವಿದ್ಯೆಯೂ ಅರ್ಧಕ್ಕೆ ನಿಲ್ಲುತ್ತದೆ. ಹೇಗೆಂಬುದಕ್ಕೆ ನಮ್ಮ ತೋಟದಿಂದಲೇ ಒಂದು ಉದಾಹರಣೆ ಕೊಡಬಹುದು.

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮದ್ದು ಬಿಡುವುದನ್ನು ನೋಡದವರು ನಮ್ಮಲ್ಲಿಲ್ಲ. ಒಂದು ಕಿಲೋ ಮೈಲುತುತ್ತನ್ನು ಐವತ್ತು ಲೀಟರ್ ನೀರಿನಲ್ಲಿ ಬೇರೆ ಕರಗಿಸಬೇಕು. ಒಂದು ಕಿಲೋ ಸುಣ್ಣವನ್ನು ಇನ್ನೈವತ್ತು ಲೀಟರ್ ನೀರಿನಲ್ಲಿ ಬೇರೆ ಕಲಸಬೇಕು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕಲ್ಲದೆ ಸುಣ್ಣದ ನೀರನ್ನು ತುತ್ತಿನ ನೀರಿಗೆ ಹೊಯ್ಯಬಾರದು. ಇಷ್ಟಾದ ಮೇಲೆ ಅನುಭವಸ್ಥನಾದ ಕೆಲಸಗಾರ ತನ್ನ ಕತ್ತಿಯನ್ನು ಆ ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಾನೆ. ಕತ್ತಿಯ ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ "ಸುಣ್ಣ ಸಾಲದು" ಎನ್ನುತ್ತಾನೆ. ಬಣ್ಣ ಕೂರದಿದ್ದರೆ ಮದ್ದು ಸರಿಯಾಗಿದೆಯೆಂದು ಲೆಕ್ಕ.

ಆ ಕೆಂಪು ಬಣ್ಣ ಯಾವುದು? ತಾಮ್ರ. ಮೈಲುತುತ್ತೆಂದರೆ ತಾಮ್ರದ ಸಲ್ಫೇಟು. ಸುಣ್ಣದೊಡನೆ ಕೂಡದೆ ಉಳಿದ ತಾಮ್ರವನ್ನು ಕತ್ತಿಯ ಕಬ್ಬಿಣ ದ್ರಾವಣದಿಂದ ಹೊರತಳ್ಳುತ್ತದೆ. ಅದು ಅಲಗಿನ ಮೇಲೆ ಬಂದು ಕೂರುತ್ತದೆ. ಹಾಗೆ ಉಳಿದ ಮದ್ದನ್ನು ಬಿಟ್ಟರೆ ಅಡಿಕೆಯ ಎಳೆಯ ಭಾಗಗಳು ಸುಟ್ಟುಹೋಗುತ್ತವೆ. ಹತ್ತನೆಯ ತರಗತಿಯ ರಸಾಯನಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಸ್ಥಾನಪಲ್ಲಟ ಕ್ರಿಯೆಯೆಂದು ಹೆಸರು. ಕಬ್ಬಿಣದ ಮೊಳೆಯನ್ನು ಬೀಕರಿನಲ್ಲಿಟ್ಟು ಪ್ರಯೋಗಶಾಲೆಯಲ್ಲಿ ಇದನ್ನೇ ತೋರಿಸುತ್ತಾರೆ. ಸಮೀಕರಣ ಬರೆಯಬಲ್ಲ ಹುಡುಗನಿಗೆ ತನ್ನ ಮನೆಯಂಗಳದಲ್ಲಿ ವರ್ಷವರ್ಷವೂ ಈ ಪ್ರಯೋಗ ನಡೆಯುತ್ತದೆಂದು ಗೊತ್ತಿಲ್ಲ. ಕತ್ತಿ ಅದ್ದುವವನಿಗೆ ಸಮೀಕರಣ ಗೊತ್ತಿಲ್ಲ. ಇಬ್ಬರ ನಡುವೆ ಇರುವ ದೂರ ಒಂದು ಪ್ರಶ್ನೆಯಷ್ಟು ಮಾತ್ರ. "ಅಣ್ಣಾ, ಕತ್ತಿ ಯಾಕೆ ಅದ್ದಿದಿರಿ?" ಎಂದು ಕೇಳಿದರೆ ಇಬ್ಬರ ವಿದ್ಯೆಯೂ ಪೂರ್ತಿಯಾಗುತ್ತದೆ.

ಇನ್ನು ನಮ್ಮ ಗುಡ್ಡಗಳ ಸುರಂಗಗಳನ್ನು ನೋಡೋಣ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತೆಗೆಯುವ ವಿದ್ಯೆ ನಮ್ಮ ಈ ಸೀಮೆಯ ಹೆಮ್ಮೆ. ಒಬ್ಬ ಮನುಷ್ಯ ನಡೆದುಹೋಗುವಷ್ಟು ಮಾತ್ರ ಅಗಲ. ಒಳಗೆ ಒಬ್ಬ ಅಗೆಯುತ್ತಾನೆ, ಇನ್ನೊಬ್ಬ ಮಣ್ಣು ಹೊರಗೆ ಸಾಗಿಸುತ್ತಾನೆ. ನೀರು ತಾನಾಗಿ ಹೊರಗೆ ಹರಿದು ಬರುವಂತೆ ನೆಲಕ್ಕೆ ಸಣ್ಣ ಇಳಿಜಾರು ಕೊಡಬೇಕು. ಪಂಪು ಬೇಡ, ವಿದ್ಯುತ್ತು ಬೇಡ. ಒಳಗೆ ಉರಿಯುವ ಮೇಣದ ಬತ್ತಿಯೋ ದೀಪವೋ ಬೆಳಕಿಗೆ ಮಾತ್ರವಲ್ಲ. ಅದು ಮಂಕಾಗತೊಡಗಿದರೆ ಉಸಿರಾಡುವ ಗಾಳಿ ಸಾಲದೆಂದು ತಿಳಿದು ಹೊರಗೆ ಬರಬೇಕು. ಎಲ್ಲಿ ಅಗೆಯಬೇಕೆಂಬುದನ್ನು ಗುಡ್ಡದ ಓರೆ, ಕಲ್ಲಿನ ಜಾತಿ, ಬೆಳೆದ ಗಿಡಮರಗಳನ್ನು ನೋಡಿ ನಿರ್ಧರಿಸುತ್ತಾರೆ. ಎಷ್ಟೋ ದಿನ ಅಗೆದರೂ ನೀರು ಸಿಗದಿರಬಹುದು. ಆಗಲೂ ಕೈಚೆಲ್ಲದೆ ಅಗೆಯುವ ತಾಳ್ಮೆಯನ್ನು ಯಾವ ಪುಸ್ತಕ ಕಲಿಸೀತು?

ಕೊಳವೆ ಬಾವಿಗಳು ಬಂದ ಮೇಲೆ ಹೊಸ ಸುರಂಗ ತೋಡಿಸುವವರು ಕಡಿಮೆಯಾದರು. ತೋಡಬಲ್ಲವರಿಗೆ ವಯಸ್ಸಾಯಿತು. ಈ ಹಿರಿಯರು ತಮ್ಮ ವಿದ್ಯೆಯನ್ನು ಪುಸ್ತಕದಲ್ಲಿ ಬರೆದಿಟ್ಟವರಲ್ಲ. ಅವರು ಹೋದರೆ ಅದೂ ಹೋಯಿತು. ನಮ್ಮ ಮಕ್ಕಳಲ್ಲಿ ಒಬ್ಬನಾದರೂ ಅವರ ಜಗಲಿಯಲ್ಲಿ ಅರ್ಧ ಗಂಟೆ ಕುಳಿತು ಕೇಳಿದ್ದಾನೆಯೇ? ಇದು ನಮ್ಮ ನಿಜವಾದ ಚಿಂತೆ.

ಕಲಿಯುವುದು ವಿಷಯಜ್ಞಾನ ಮಾತ್ರವಲ್ಲ, ಬಾಳುವ ರೀತಿಯನ್ನೂ ಕಲಿಯಬಹುದು. ಮಳೆ ನಿಂತು ತೋಡಿನ ನೀರು ಇಳಿಯುವ ಹೊತ್ತಿಗೆ ಏತಡ್ಕದಂಥ ಊರುಗಳಲ್ಲಿ ಕೃಷಿಕರು ಕಲ್ಲು ಮಣ್ಣುಗಳಿಂದ ಕಟ್ಟ ಕಟ್ಟುತ್ತಾರೆ. ಕಟ್ಟದಲ್ಲಿ ನಿಂತ ನೀರು ನೆಲಕ್ಕೆ ಇಂಗಿ ಎರಡೂ ದಡದ ಬಾವಿಗಳಿಗೆ ಬರುತ್ತದೆ. ಒಬ್ಬನೇ ಕಟ್ಟಿದರೆ ಲಾಭ ಸ್ವಲ್ಪ. ಮೇಲಿನವನೂ ಕೆಳಗಿನವನೂ ಸಾಲಾಗಿ ಕಟ್ಟಿದರೆ ಇಡೀ ತೋಡಿನಲ್ಲಿ ನೀರು ನಿಲ್ಲುತ್ತದೆ. ಇದು ನನ್ನ ನೀರು, ಅದು ನಿನ್ನ ನೀರು ಎಂದು ನೆಲದಡಿಯಲ್ಲಿ ಗೆರೆ ಎಳೆಯಲಾಗದು. ನೆರೆಯವನ ಬಾವಿ ತುಂಬದೆ ನನ್ನ ಬಾವಿ ತುಂಬದು ಎಂಬ ಈ ಸತ್ಯವನ್ನು ಪೌರನೀತಿಯ ಪಾಠಕ್ಕಿಂತ ಚೆನ್ನಾಗಿ ಒಂದು ಕಟ್ಟ ಹೇಳುತ್ತದೆ.

ನಮ್ಮ ನಾಡಿನಲ್ಲಿ ನೆರೆಯವನೆಂದರೆ ಹೆಚ್ಚಾಗಿ ಬೇರೆ ಮನೆಮಾತಿನವನು. ಕನ್ನಡ, ತುಳು, ಮಲೆಯಾಳ, ಕೊಂಕಣಿ, ಮರಾಟಿ, ಬ್ಯಾರಿ, ಉರ್ದು - ಒಂದು ಬಸ್ಸಿನಲ್ಲಿ ಕುಳಿತರೆ ಇಷ್ಟೂ ಕಿವಿಗೆ ಬೀಳುತ್ತವೆ. ಇತ್ತೀಚೆಗೆ ಬಂಗಾಳ, ಒಡಿಶಾ, ಅಸ್ಸಾಮಿನ ಕೆಲಸಗಾರರ ಮಾತೂ ಸೇರಿದೆ. ಊರು ಬಿಟ್ಟು ಇಷ್ಟು ದೂರ ಬಂದವನಿಗೆ ಬಸ್ಸಿನ ಬೋರ್ಡು ಓದಲು ಬಾರದಿದ್ದರೆ, ಶಾಲೆಯಲ್ಲಿ ಕಲಿತ ನಾಲ್ಕು ಹಿಂದಿ ವಾಕ್ಯಗಳಿಂದ ದಾರಿ ತೋರಿಸಬಹುದು. ಭಾಷೆ ಕಲಿತುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೇ?

ಇಲ್ಲಿ ಒಂದು ಮಾತು ನಮಗೆ ನಾವೇ ಹೇಳಿಕೊಳ್ಳಬೇಕಾಗಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಭಾಷಾ ಅಲ್ಪಸಂಖ್ಯಾತರು. "ಕನ್ನಡ ಕಲಿತು ಏನು ಪ್ರಯೋಜನ?" ಎಂದು ಯಾರಾದರೂ ಕೇಳಿದರೆ ನಮಗೆ ನೋವಾಗುತ್ತದೆ, ಆಗಬೇಕಾದುದೇ. ಒಂದು ಭಾಷೆಯ ಬೆಲೆಯನ್ನು ಅದು ತರುವ ಸಂಬಳದಿಂದ ಅಳೆಯಬಾರದೆಂದು ನಾವು ವಾದಿಸುತ್ತೇವೆ. ಹಾಗಾದರೆ ಒಬ್ಬ ಮನುಷ್ಯನ ಬೆಲೆಯನ್ನು ಅವನ ಕೂಲಿಯಿಂದ ಅಳೆಯುವುದು ಹೇಗೆ ಸರಿಯಾದೀತು? ನಮ್ಮ ನುಡಿಗೆ ಮರ್ಯಾದೆ ಕೇಳುವ ನಾವು, ಅಜ್ಜನ ಪ್ರಾಯದ ಕೆಲಸಗಾರನನ್ನು ಹತ್ತು ವರ್ಷದ ಮಗು "ನೀನು, ಬಾ, ಹೋಗು" ಎಂದು ಕರೆದರೆ ತಿದ್ದುತ್ತೇವೆಯೇ? ಅವಮಾನದ ರುಚಿ ತಿಳಿದವರು ಅದನ್ನು ಇನ್ನೊಬ್ಬರಿಗೆ ಬಡಿಸಬಾರದು.

ಈ ಮಣ್ಣಿನ ಹಿರಿಯರು ನಮಗೆ ಬೇರೆಯೇ ದಾರಿ ತೋರಿಸಿದ್ದಾರೆ. ಕಯ್ಯಾರ ಕಿಞ್ಞಣ್ಣ ರೈಗಳು (1915-2015) ಕವಿ, ಅಧ್ಯಾಪಕ, ಕೃಷಿಕ ಮೂರೂ ಆಗಿದ್ದವರು. ಕನ್ನಡದಲ್ಲಿಯೂ ತುಳುವಿನಲ್ಲಿಯೂ ಬರೆದವರು. ಅವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು 'ದುಡಿತವೇ ನನ್ನ ದೇವರು'. ಬಿರುದು ಪ್ರಶಸ್ತಿಗಳು ಸಾಕಷ್ಟಿದ್ದರೂ ತನ್ನ ಬಾಳಿಗೆ ಹೆಸರಿಡುವಾಗ ದುಡಿತವನ್ನೇ ಆರಿಸಿಕೊಂಡ ಆ ಮನಸ್ಸನ್ನು ನಮ್ಮ ಮಕ್ಕಳು ಅರಿಯಬೇಕು.

ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ. ಓದಿಗೆ ಪ್ರೋತ್ಸಾಹಿಸಲು ಕೂಲಿಯ ಹೆದರಿಕೆ ಬೇಡ. ನಿಮ್ಮ ಕೆಲಸದ ಒಳಗುಟ್ಟನ್ನು ಮಕ್ಕಳಿಗೆ ಹೇಳಿ. ಬೀಡಿ ಸುತ್ತುವ ತಾಯಿಯಿರಲಿ, ಮುರಕಲ್ಲು ಕಡಿಯುವ ತಂದೆಯಿರಲಿ, ಹೇಳಲು ನಿಮ್ಮಲ್ಲಿ ಪಾಠವಿದೆ. ಅದನ್ನು ಹೇಳಿಕೊಳ್ಳಲು ನಾಚಬೇಕಾಗಿಲ್ಲ.

ವಿದ್ಯಾರ್ಥಿ ಮಿತ್ರರಿಗೂ ಒಂದು ಕೆಲಸವಿದೆ. ಮುಂದಿನ ರಜೆಯಲ್ಲಿ ನಿಮಗೆ ದಿನವೂ ಕಾಣಸಿಗುವ ಒಬ್ಬರನ್ನು ಆರಿಸಿಕೊಳ್ಳಿ. ಮೀನು ಮಾರುವ ಅಕ್ಕನೋ, ಬಸ್ಸಿನ ಕಂಡಕ್ಟರೋ, ಸುರಂಗ ತೋಡಿದ ಅಜ್ಜನೋ ಯಾರಾದರೂ ಸರಿ. ಅವರ ಬಿಡುವು ನೋಡಿ, 'ನೀವು' ಎಂದು ಮರ್ಯಾದೆಯಿಂದ ಮಾತಾಡಿಸಿ. ಸಾಧ್ಯವಾದರೆ ಅವರ ಮನೆಮಾತಿನಲ್ಲೇ ಮಾತಾಡಿಸಿ. ತಪ್ಪಾದರೆ ಅವರೇ ನಕ್ಕು ತಿದ್ದುವರು. ಕೈಯಲ್ಲಿರುವ ಮೊಬೈಲು ಅಷ್ಟು ಹೊತ್ತು ಕಿಸೆಯಲ್ಲಿರಲಿ. ಕೇಳಿದ್ದನ್ನು ಕನ್ನಡದಲ್ಲಿ ಒಂದು ಪುಟ ಬರೆದಿಡಿ. ನಮ್ಮ ಶಾಲೆಯ ಮಕ್ಕಳೆಲ್ಲ ಹೀಗೆ ಒಂದೊಂದು ಪುಟ ಬರೆದರೆ ಅದೇ ನಮ್ಮ ಊರಿನ ವಿಶ್ವಕೋಶವಾದೀತು. ಅದರಲ್ಲಿ ಬರುವ ಕೆಲವು ಮಾತುಗಳು ಬೇರೆ ಯಾವ ಕೋಶದಲ್ಲಿಯೂ ಸಿಗಲಾರವು.

ಶಾಲೆಯ ಗಂಟೆ ನಾಲ್ಕು ಗಂಟೆಗೆ ಬಾರಿಸುತ್ತದೆ. ಆಮೇಲಿನ ಪಾಠಗಳಿಗೆ ಫೀಸಿಲ್ಲ, ಹಾಜರಿ ಪುಸ್ತಕವಿಲ್ಲ. ಕೇಳುವ ಕಿವಿಯೊಂದಿದ್ದರೆ ಸಾಕು.