ಕೋವಿ ಮನೆಗೆ ತರುವ ಮೊದಲು

"ನಾನೂ ಒಂದು ತಗೊಂಡೆ ಕಣ್ರೀ" ಎಂದರು ಗೆಳೆಯರು. ಯುಗಾದಿ ಊಟದ ಹೊತ್ತು. ಡಲ್ಲಾಸ್‌ನ ಉತ್ತರಕ್ಕಿರುವ ನಮ್ಮ ಬಡಾವಣೆಯ ಮನೆಯೊಂದರ ಹಿತ್ತಲಲ್ಲಿ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದೆವು. ಹೊಸ ಕಾರಿನ ಸುದ್ದಿ ಇರಬೇಕೆಂದುಕೊಂಡೆ. ಅವರು ದನಿ ತಗ್ಗಿಸಿದರು. "ಪಿಸ್ತೂಲು. ಹಾಸಿಗೆ ಪಕ್ಕದ ಡ್ರಾದಲ್ಲೇ ಇಟ್ಟಿದೀನಿ. ಅಲೆನ್‌ನಲ್ಲಿ ಆದದ್ದು ನೆನೆದರೆ ಈಗಲೂ ಸುಮ್ಮನಿರೋಕಾಗಲ್ಲ." ಸುತ್ತ ನಿಂತವರಲ್ಲಿ ಒಬ್ಬರು ಬೆಲೆ ಕೇಳಿದರು. ಇನ್ನೊಬ್ಬರು, ಎಚ್-1ಬಿ ವೀಸಾದವರಿಗೆ ಕೋವಿ ಮಾರುವಂತಿಲ್ಲವಾದರೂ ಬೇಟೆಯ ಲೈಸೆನ್ಸ್ ಮಾಡಿಸಿಕೊಂಡರೆ ದಾರಿ ಇದೆ ಎಂದು ವಿವರಿಸಿದರು. ಒಳಗಡೆ ಮಕ್ಕಳು ಕೋಣೆಯಿಂದ ಕೋಣೆಗೆ ಓಡುತ್ತ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ನಾನು ಏನೂ ಹೇಳದೆ ತಟ್ಟೆ ಹಿಡಿದು ಪಕ್ಕಕ್ಕೆ ಸರಿದೆ. ಆ ಮೌನಕ್ಕೆ ನನಗೆ ಇಂದಿಗೂ ನಾಚಿಕೆಯಿದೆ. ಅಂದು ನುಂಗಿಕೊಂಡದ್ದನ್ನು ಈಗ ಹೇಳುತ್ತೇನೆ, ಅಮೆರಿಕದಲ್ಲಿರುವ ನನ್ನ ಕನ್ನಡದ ಬಂಧುಗಳೇ, ದಯವಿಟ್ಟು ಕೇಳಿ.

ನಿಮ್ಮ ಭಯ ಸುಳ್ಳಲ್ಲ. 2023ರ ಮೇ 6ರ ಶನಿವಾರ ಮಧ್ಯಾಹ್ನ ಅಲೆನ್‌ನ ಮಾಲ್ ಮುಂದೆ ಒಬ್ಬ ಕಾರಿನಿಂದ ಇಳಿದವನೇ ಗುಂಡು ಹಾರಿಸತೊಡಗಿದ. 8 ಜನ ಸತ್ತರು. ಅವರಲ್ಲಿ ಮೂವರು ಮಕ್ಕಳು. ನಮ್ಮ ದೇಶದಿಂದ ಬಂದು ಇಲ್ಲಿ ದುಡಿಯುತ್ತಿದ್ದ ಯುವತಿಯೂ ಇದ್ದಳು. ಊರಿಗೆ ಹೊರಡುವ ಮೊದಲು ಅಕ್ಕನ ಮಕ್ಕಳಿಗೆ ಶೂ, ಅಮ್ಮನಿಗೆ ಸ್ವೆಟರ್ ಎಂದು ನಾವೆಲ್ಲ ಸುತ್ತುವ ಜಾಗ ಅದು. ಅದಕ್ಕೂ ಮುಂಚೆ 2012ರಲ್ಲಿ ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರಕ್ಕೆ ನುಗ್ಗಿದವನೊಬ್ಬ ಆರು ಜನರನ್ನು ಕೊಂದಿದ್ದ. 2017ರಲ್ಲಿ ಕ್ಯಾನ್ಸಸ್‌ನ ಒಲೇತಾದಲ್ಲಿ, ನನ್ನ ದೇಶ ಬಿಟ್ಟು ತೊಲಗಿ ಎಂದು ಕೂಗುತ್ತ ಒಬ್ಬ ನಮ್ಮವರ ಮೇಲೆ ಗುಂಡು ಹಾರಿಸಿದ್ದ. ಇದರ ಜೊತೆಗೆ ಚಿನ್ನಕ್ಕಾಗಿ ಭಾರತೀಯರ ಮನೆಗಳನ್ನೇ ಹುಡುಕಿ ಕನ್ನ ಹಾಕುವ ಕಳ್ಳರ ಗುಂಪುಗಳು. ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಮುಗಿಸಿ ಬಂದ ಮಗು, ದೀಪ ಆರಿಸಿ, ಬಾಗಿಲಿಗೆ ಕಾಣದ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತದ್ದನ್ನು ಹೋಮ್‌ವರ್ಕ್ ಹೇಳುವಷ್ಟೇ ಸಹಜವಾಗಿ ಹೇಳುತ್ತದೆ. ಅದನ್ನು ಕೇಳಿದ ತಂದೆತಾಯಿಗೆ ನಿದ್ದೆ ಹೇಗೆ ಬಂದೀತು?

ನಾನು ಕೋವಿ ಕಾಣದೆ ಬೆಳೆದವರ ಪೈಕಿ ಅಲ್ಲ. ಮಲೆನಾಡಿನ ಅಡಿಕೆ ತೋಟದ ಮನೆ ನಮ್ಮದು. ಬೆಳೆ ರಕ್ಷಣೆಗೆಂದು ಅಪ್ಪನಿಗೆ ಒಂಟಿನಳಿಗೆ ಕೋವಿಯ ಲೈಸೆನ್ಸ್ ಇತ್ತು. ಹಂದಿ ನುಗ್ಗಿದ ರಾತ್ರಿ ಒಂದು ಈಡು ಹಾರಿಸುತ್ತಿದ್ದರು. ಚುನಾವಣೆ ಬಂತೆಂದರೆ ಕೋವಿಯನ್ನು ಹೊತ್ತು ಠಾಣೆಗೆ ಹೋಗಿ ಒಪ್ಪಿಸಿ, ಚೀಟಿ ತಂದು ದೇವರ ಮನೆಯ ಗೂಡಿನಲ್ಲಿಡುತ್ತಿದ್ದರು. ಗೊಣಗುತ್ತಿದ್ದರು ನಿಜ, ಆದರೆ ಒಪ್ಪಿಸುತ್ತಿದ್ದರು. ಕೋವಿ ಜಗಲಿಯ ಕೋಣೆಯಲ್ಲಿ, ತೋಟೆಗಳು ಅಜ್ಜಿಯ ಟ್ರಂಕಿನಲ್ಲಿ, ಟ್ರಂಕಿನ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಇಷ್ಟೆಲ್ಲ ಜೋಪಾನ ಮಾಡುತ್ತಿದ್ದ ಊರಿನಲ್ಲೂ ಒಂದು ಮಳೆಗಾಲದ ರಾತ್ರಿ ಕೆಳಗಿನ ಮನೆಯವರು ಪೊದೆ ಅಲುಗಿದ್ದು ಕಂಡು ಹಂದಿಯೆಂದು ಈಡು ಹೊಡೆದರು. ಪೊದೆಯ ಹಿಂದಿದ್ದದ್ದು ಅವರ ಭಾವಮೈದುನ. ನಲವತ್ತು ವರ್ಷ ಬೇಟೆಯಾಡಿದ ಕೈ ಅದು. ಕತ್ತಲೆ ಮತ್ತು ಗಾಬರಿ ಎರಡೂ ಕೂಡಿದಾಗ ಆ ನಲವತ್ತು ವರ್ಷ ಯಾವ ಉಪಯೋಗಕ್ಕೂ ಬರಲಿಲ್ಲ. ಹಾಸಿಗೆಯ ಪಕ್ಕದ ಡ್ರಾದ ಮಾತು ಕೇಳಿದಾಗ ನನಗೆ ನೆನಪಾದದ್ದು ಆ ಪೊದೆ. ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದ ಮಗಳು, ಊರಿನಿಂದ ಬಂದು ಹೊತ್ತು ಗೊತ್ತಿಲ್ಲದೆ ಓಡಾಡುವ ವಯಸ್ಸಾದ ಮಾವ, ಇವರ ಹೆಜ್ಜೆಯ ಸದ್ದನ್ನು ನಿದ್ದೆಗಣ್ಣಿನಲ್ಲಿ ಗುರುತು ಹಿಡಿಯಬಲ್ಲಿರಾ?

ಕೋವಿ ಯಾಕೆ ಬೇಕು ಎಂದು ಕೇಳುವ ದೇಶವೊಂದಿದೆ. 1996ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಎರಡೇ ವಾರದಲ್ಲಿ ಆ ದೇಶದ ಎಲ್ಲ ರಾಜ್ಯಗಳೂ ಕೂತು ಒಂದು ಒಪ್ಪಂದಕ್ಕೆ ಬಂದವು. ಸುಮಾರು 6,50,000 ಕೋವಿಗಳನ್ನು ಸರ್ಕಾರ ಹಣ ಕೊಟ್ಟು ಹಿಂಪಡೆದು ನಾಶಮಾಡಿತು. ಅಲ್ಲಿ ಕೋವಿ ಬೇಕೆನ್ನುವವರು ಕಾರಣ ಕೊಡಬೇಕು. ಆತ್ಮರಕ್ಷಣೆ ಎಂಬುದನ್ನು ಕಾರಣವಾಗಿ ಒಪ್ಪುವುದಿಲ್ಲ. ನಮ್ಮಪ್ಪನ ಕೋವಿಗೆ ಅಲ್ಲಿ ಲೈಸೆನ್ಸ್ ಸಿಕ್ಕೀತು, ನನ್ನ ಗೆಳೆಯರ ಪಿಸ್ತೂಲಿಗೆ ಸಿಗದು. ಅಮೆರಿಕದಲ್ಲಿ ಇದು ತಲೆಕೆಳಗು. 2008ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಆತ್ಮರಕ್ಷಣೆಗಾಗಿ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ಪ್ರಜೆಯ ಹಕ್ಕು ಎಂದಿತು. 2022ರಲ್ಲಿ ಮನೆಯಾಚೆಗೂ ಆ ಹಕ್ಕನ್ನು ಹಿಗ್ಗಿಸಿತು. ಹಕ್ಕು ಇದೆ, ಒಪ್ಪುತ್ತೇನೆ. ಹಕ್ಕು ಇದೆ ಎಂಬ ಒಂದೇ ಕಾರಣಕ್ಕೆ ಕೈಗೆತ್ತಿಕೊಳ್ಳಬೇಕಾದ ವಸ್ತುವೇ ಅದು?

ಕೆಟ್ಟವನ ಕೈಯ ಕೋವಿಗೆ ಒಳ್ಳೆಯವನ ಕೈಯ ಕೋವಿಯೇ ಮದ್ದು ಎಂಬ ಮಾತನ್ನು ಈಗ ನಮ್ಮವರೂ ಹೇಳುತ್ತಾರೆ. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಆರೇಳು ವರ್ಷದ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಸತ್ತು ಒಂದು ವಾರವಾಗಿತ್ತು. ಆಗ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ಮುಖ್ಯಸ್ಥರು ಟಿ.ವಿ. ಕ್ಯಾಮೆರಾಗಳ ಮುಂದೆ ನಿಂತು ಸಾರಿದ ಮಾತು ಅದು. ಆ ಕೊಲೆಗಾರ ಹಿಡಿದಿದ್ದ ಕೋವಿಗಳು ಅವನ ತಾಯಿ ಕಾನೂನುಬದ್ಧವಾಗಿ ಕೊಂಡು ಮನೆಯಲ್ಲಿಟ್ಟವು. ಅಂದು ಬೆಳಿಗ್ಗೆ ಅವನು ಮೊದಲು ಕೊಂದದ್ದು ಆ ತಾಯಿಯನ್ನೇ.

ಕೋವಿ ಹಿಡಿದ ನಾಗರಿಕರು ಕೊಲೆಗಾರನನ್ನು ತಡೆದದ್ದೇ ಇಲ್ಲವೇ? ತಡೆದಿದ್ದಾರೆ. 2019ರಲ್ಲಿ ಟೆಕ್ಸಾಸ್‌ನ ಒಂದು ಚರ್ಚಿನಲ್ಲಿ, 2022ರಲ್ಲಿ ಇಂಡಿಯಾನಾದ ಗ್ರೀನ್‌ವುಡ್ ಮಾಲ್‌ನಲ್ಲಿ ಕೆಲವೇ ಸೆಕೆಂಡುಗಳಲ್ಲಿ ತಡೆದರು. ಅವರಿಂದ ಉಳಿದ ಜೀವಗಳಿಗೆ ನಾನು ಕೈಮುಗಿಯುತ್ತೇನೆ. ಆದರೆ 2021ರಲ್ಲಿ ಕೊಲೊರಾಡೋದ ಆರ್ವಾಡಾದಲ್ಲಿ ಕೊಲೆಗಾರನನ್ನು ಹೊಡೆದುರುಳಿಸಿದ ಧೀರನನ್ನು, ಅವನೇ ಕೊಲೆಗಾರನೆಂದು ತಿಳಿದು ಪೊಲೀಸರು ಕೊಂದರು. ಇದನ್ನು ಕಂದು ಮೈಬಣ್ಣದ ನಾವು ಒಂದು ಗಳಿಗೆ ನಿಂತು ಯೋಚಿಸಬೇಕು. ಗಲಾಟೆಯ ನಡುವೆ ಪಿಸ್ತೂಲು ಹಿಡಿದು ನಿಂತ ಗಡ್ಡದ ಕಂದು ಮನುಷ್ಯ, ಓಡಿ ಬರುವ ಪೊಲೀಸನ ಕಣ್ಣಿಗೆ ಯಾರಾಗಿ ಕಾಣುತ್ತಾನೆ? ಮರುವರ್ಷ ಬಫಲೋದ ಸೂಪರ್‌ಮಾರ್ಕೆಟಿನಲ್ಲಿ ಕಾವಲಿದ್ದ ನಿವೃತ್ತ ಪೊಲೀಸ್ ಅಧಿಕಾರಿ ಹಾರಿಸಿದ ಗುಂಡು ಕೊಲೆಗಾರನ ಕವಚಕ್ಕೆ ಬಡಿದು ವ್ಯರ್ಥವಾಯಿತು, ಅವರೂ ಸತ್ತರು. ಹತ್ತು ದಿನ ಕಳೆದು ಟೆಕ್ಸಾಸ್‌ನ ಯುವಾಲ್ಡಿಯ ಶಾಲೆ. 19 ಮಕ್ಕಳು, ಇಬ್ಬರು ಶಿಕ್ಷಕಿಯರು. ಅಂದು ಆ ಶಾಲೆಗೆ ಬಂದ ಶಸ್ತ್ರಧಾರಿ ಪೊಲೀಸರು ಒಟ್ಟು 376. ಕೊಲೆಗಾರನಿದ್ದ ತರಗತಿಯೊಳಗೆ ನುಗ್ಗಲು ಅವರು ತೆಗೆದುಕೊಂಡದ್ದು 77 ನಿಮಿಷ. ತರಬೇತಿ, ಸಮವಸ್ತ್ರ, ಸಂಬಳ ಎಲ್ಲ ಇದ್ದವರ ಕಾಲೇ ಏಳದ ಜಾಗದಲ್ಲಿ, ವಾರಾಂತ್ಯದ ಎರಡು ಗಂಟೆ ಗುರಿ ಅಭ್ಯಾಸ ಮಾಡಿದ ನಾವು ನಿಲ್ಲುತ್ತೇವೆಂದು ಯಾವ ಧೈರ್ಯದ ಮೇಲೆ ನಂಬಿದ್ದೇವೆ?

ಸಾಮೂಹಿಕ ಕೊಲೆಯ ಸುದ್ದಿ ಕೇಳಿ ಕೋವಿ ಕೊಳ್ಳುತ್ತೇವೆ. ಆದರೆ ಈ ದೇಶದಲ್ಲಿ ಕೋವಿಯಿಂದ ಸಾಯುವವರಲ್ಲಿ ಹೆಚ್ಚಿನವರು ಮಾಲ್‌ನಲ್ಲಿ ಸಾಯುವುದಿಲ್ಲ. 2023ರಲ್ಲಿ ಸತ್ತ 46,728 ಜನರಲ್ಲಿ 27,300 ಜನ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರು. ಕ್ಯಾಲಿಫೋರ್ನಿಯಾದ ಲಕ್ಷಾಂತರ ಜನರನ್ನು ವರ್ಷಗಟ್ಟಲೆ ಗಮನಿಸಿದ ಸ್ಟ್ಯಾನ್‌ಫರ್ಡ್ ಸಂಶೋಧಕರು, ಪಿಸ್ತೂಲು ಹೊಂದಿದವರ ಜೊತೆ ವಾಸಿಸುವವರು ಕೊಲೆಯಾಗುವ ಸಂಭವ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚು ಎಂದು ಕಂಡರು. ಹೊರಗಿನವನಿಗೆಂದು ತಂದದ್ದು ಒಳಗಿನವರ ಕಡೆ ತಿರುಗುತ್ತದೆ.

ಇದನ್ನು ನಮ್ಮ ಮನೆಗಳಿಗೆ ತಂದು ನೋಡಿ. ಕೆಲಸ ಹೋದ ದಿನದಿಂದ ವೀಸಾದ 60 ದಿನದ ಗಡುವನ್ನು ಎಣಿಸುತ್ತ, ಮಲಗಿದ ಮಕ್ಕಳ ಮುಖ ನೋಡುತ್ತ, ಮನೆಯ ಸಾಲ, ಊರಿನಲ್ಲಿ ಏನೆಂದಾರು ಎಂಬ ಚಿಂತೆಯಲ್ಲಿ ರಾತ್ರಿ ಕಳೆಯುವ ತಂದೆ. ಕಾಲೇಜು ಸೀಟು ಕೈತಪ್ಪಿ ಮೂರು ದಿನದಿಂದ ಸರಿಯಾಗಿ ಉಣ್ಣದ ಹದಿನೇಳರ ಹುಡುಗ. ಆ ಒಂದು ರಾತ್ರಿ ದಾಟಿಸಿದರೆ ಮನುಷ್ಯ ಉಳಿಯುತ್ತಾನೆ. ಕೋವಿಯೊಂದು ಮನೆಯಲ್ಲಿದ್ದರೆ ಆ ರಾತ್ರಿ ಮರುಯೋಚನೆಗೆ ಎಡೆಯೇ ಇರುವುದಿಲ್ಲ. ಅಂಥ ರಾತ್ರಿಯಲ್ಲಿರುವ ಯಾರಾದರೂ ಇದನ್ನು ಓದುತ್ತಿದ್ದರೆ, 988 ಸಹಾಯವಾಣಿಗೆ ಕರೆ ಮಾಡಿ. ಪಕ್ಕದ ಕನ್ನಡದ ಮನೆಯ ಬಾಗಿಲನ್ನಾದರೂ ತಟ್ಟಿ.

ಹಾಗಾಗಿ ಕೇಳಿಕೊಳ್ಳುತ್ತೇನೆ. ಕೊಳ್ಳಬೇಡಿ. ಆಗಲೇ ಕೊಂಡಿದ್ದರೆ ಅದನ್ನು ಡ್ರಾದಿಂದ ತೆಗೆದು ಗುಂಡುಗಳನ್ನು ಬೇರೆ ಮಾಡಿ, ಎರಡಕ್ಕೂ ಬೇರೆ ಬೇರೆ ಬೀಗ ಹಾಕಿ, ಇವತ್ತೇ. ನಿಮ್ಮ ಮಗು ಆಡಲು ಹೋಗುವ ಮನೆಗೆ ಫೋನ್ ಮಾಡಿ, ಕೋವಿ ಇದೆಯೇ, ಬೀಗದೊಳಗಿದೆಯೇ ಎಂದು ಕೇಳಿ. ಮಗುವಿಗೆ ಕಡಲೆಕಾಯಿ ಅಲರ್ಜಿ ಎಂದು ಹೇಳಲು ಹಿಂಜರಿಯುತ್ತೇವೆಯೇ? ನಾನು ಮೊದಲ ಸಲ ಕೇಳಿದಾಗ ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ ಆ ತಾಯಿ, "ಇದೆ. ಬೀಗ ಇಲ್ಲ. ಸಂಜೆಯೊಳಗೆ ತರಿಸ್ತೀನಿ" ಎಂದರು. ಮರುದಿನ ಅವರೇ ಇನ್ನೊಂದು ಮನೆಗೆ ಫೋನ್ ಮಾಡಿ ಕೇಳಿದರು.

ಇನ್ನೊಂದು ಮಾತಿದೆ, ಇದನ್ನು ಬಿಟ್ಟು ಏಳಬೇಡಿ. ಯುವಾಲ್ಡಿಯ ಕೊಲೆಗಾರ 18 ತುಂಬಿದ ಬೆನ್ನಿಗೇ, ಒಂದು ವಾರದೊಳಗೆ ಎರಡು ರೈಫಲ್‌ಗಳನ್ನು ಕಾನೂನಿನ ಪ್ರಕಾರವೇ ಕೊಂಡ. ಅಂಥ ರೈಫಲ್ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿ ಎಂದಷ್ಟೇ ಆ ಮಕ್ಕಳ ತಂದೆತಾಯಿ ಟೆಕ್ಸಾಸ್ ಶಾಸನಸಭೆಯನ್ನು ಕೇಳಿದರು. 2023ರ ಏಪ್ರಿಲ್‌ನಲ್ಲಿ ಸಮಿತಿಯ ಮುಂದೆ ಮಾತನಾಡಲು 13 ಗಂಟೆಗೂ ಹೆಚ್ಚು ಕಾದರು. ಸರದಿ ಬಂದಾಗ ರಾತ್ರಿ ಬಹಳ ಹೊತ್ತಾಗಿತ್ತು. ಅಲೆನ್‌ನ ಕೊಲೆಗಳು ನಡೆದ ಎರಡು ದಿನಕ್ಕೆ, ಮೇ 8ರಂದು, ಸಮಿತಿ 8-5 ಮತಗಳಿಂದ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆ ತಂದೆತಾಯಿ ತಬ್ಬಿಕೊಂಡು ಅತ್ತರು. ಮರುದಿನವೇ ಗಡುವು ಮುಗಿಯಿತು. ಮಸೂದೆ ಸದನದ ಮುಂದೆ ಬರಲೇ ಇಲ್ಲ.

ಆ ದಿನಗಳಲ್ಲಿ ನಾವು ಎಲ್ಲಿದ್ದೆವು? ಪೌರತ್ವ ಪಡೆದು ವರ್ಷಗಳಾದ ನಾನು ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹಣ ಕೂಡಿಸುತ್ತಿದ್ದೆ, ಮಕ್ಕಳ ನಾಟಕಕ್ಕೆ ಬಣ್ಣ ಹುಡುಕುತ್ತಿದ್ದೆ. ನಮ್ಮ ಕ್ಷೇತ್ರದ ಪ್ರತಿನಿಧಿಗೆ ಒಂದು ಫೋನ್ ಮಾಡಲಿಲ್ಲ. ಆತನ ಹೆಸರೇ ನನಗೆ ಗೊತ್ತಿರಲಿಲ್ಲ. ಇದು ನಮ್ಮ ಜಗಳವಲ್ಲ, ಅವರವರದ್ದು ಎಂದುಕೊಂಡಿದ್ದೆ. ನಮ್ಮ ಮಕ್ಕಳು ಕೂರುವುದು ಅದೇ ಕತ್ತಲ ಮೂಲೆಯಲ್ಲಿ, ಅವರ ಮಕ್ಕಳ ಭುಜಕ್ಕೆ ಭುಜ ತಾಗಿಸಿ.

2027ರ ಜನವರಿಯಲ್ಲಿ ಆಸ್ಟಿನ್‌ನಲ್ಲಿ ಶಾಸನಸಭೆ ಮತ್ತೆ ಸೇರುತ್ತದೆ. ಮತ ಇರುವವರು ಅದಕ್ಕೂ ಮೊದಲೇ ಮತ ಹಾಕಿ, ಕೇಳಬೇಕಾದ್ದನ್ನು ಕೇಳಿ. ವೀಸಾದಲ್ಲಿರುವವರಿಗೂ ಕೆಲಸವಿದೆ, ಬನ್ನಿ, ಪಕ್ಕದಲ್ಲಿ ಕೂತಿರಿ. ಇಂಥ ಮಸೂದೆ ಸಮಿತಿಯ ಮುಂದೆ ಬಂದ ದಿನ ನಾನು ಹೋಗುತ್ತೇನೆ. ಇಲ್ಲಿಂದ ಮೂರೂವರೆ ಗಂಟೆಯ ದಾರಿ. ನಸುಕಿಗೇ ಹೊರಡಬೇಕು, ಮರಳುವುದು ಯಾವಾಗಲೋ ಗೊತ್ತಿಲ್ಲ. ಹದಿಮೂರು ಗಂಟೆ ಕಾಯಲು ಬೇಕಾಗುವಷ್ಟು ಚಪಾತಿ, ಚಿತ್ರಾನ್ನದ ಬುತ್ತಿ ನಾನು ಕಟ್ಟುತ್ತೇನೆ. ಕಾರಿನಲ್ಲಿ ಇನ್ನೂ ನಾಲ್ವರಿಗೆ ಜಾಗವಿದೆ.